ಬೇಗಂ ಸತ್ತ ಮೇಲೆ ಹೊಲಿಗೆ ಕಲಿತ ಡಾಕ್ಟರು

ನಮ್ಮ ಎದುರುಮನೆಯ ಡಾಕ್ಟರ್ ಸಾಹೇಬರ ಮನೆಗೆ ಊಟಕ್ಕೆ ಹೋದವರು ಕೋಳಿ ತುಂಡನ್ನು ಬಾಯಿಗಿಡುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ಒಂದು ಭಾನುವಾರ ಆ ಮನೆಯ ಬೀಗರೊಬ್ಬರು ತೊಡೆಯ ತುಂಡನ್ನು ಕಚ್ಚಿ ಎಳೆದಾಗ ಹಲ್ಲಿನ ಸಂದಿಯಿಂದ ಕಪ್ಪು ಎಳೆಯೊಂದು ಹೊರಬಂತು. ಅವರು ಮುಖ ಸಿಂಡರಿಸಿದ್ದು ಕಂಡು ಸಾಹೇಬರ ಹೆಂಡತಿ ಅಡುಗೆಮನೆಯಿಂದಲೇ ಕೂಗಿದರು: "ಕೂದಲ ಅಲ್ರೀ ಅದು, ಹೊಲಿಗಿ! ಮುಂಜಾನಿ ಇವರು ಆ ಕೋಳಿಗಿ ಆಪರೇಷನ್ ಮಾಡ್ಯಾರ." ಬೀಗರು ಕೈ ತೊಳೆದುಕೊಂಡು ಬರೀ ಮೊಸರನ್ನದಲ್ಲಿ ಊಟ ಮುಗಿಸಿದರು.

ಸಾಹೇಬರು ಹೋದ ತಿಂಗಳು ಮಾನ್ವಿಯ ಪಶು ಆಸ್ಪತ್ರೆಯಿಂದ ನಿವೃತ್ತರಾದರು. ಹಳ್ಳಿಯವರಿಗೆಲ್ಲ ಅವರು ಎಮ್ಮೆ ಡಾಕ್ಟರು. ಪೋತ್ನಾಳದ ಕಡೆ ಅವರ ಹೆಸರು ಹೇಳಿದರೆ ಇವತ್ತಿಗೂ ಪುಕ್ಕಟೆ ಚಾ ಸಿಗುತ್ತದೆ, ನಾನೇ ಕುಡಿದಿದ್ದೇನೆ. ನನ್ನ ಮಟ್ಟಿಗೆ ಮಾತ್ರ ಅವರು ಬೆಕ್ಕಿನ ಡಾಕ್ಟರು. ಅದೂ ಬೆಕ್ಕಿನ ಹೊಟ್ಟೆಯೊಳಗಿನ, ಇದೆಯೋ ಇಲ್ಲವೋ ಎಂಬಷ್ಟು ಸಣ್ಣದಾದ ಒಂದು ನಾಳದ ಡಾಕ್ಟರು.

ಈಗ ರಾಯಚೂರಿನ ಒಂದೇ ಓಣಿಯಲ್ಲಿದ್ದರೂ ಮೂಲದಲ್ಲಿ ಅವರದೂ ದೇವದುರ್ಗ, ನಮ್ಮದೂ ದೇವದುರ್ಗ. ಅವರ ಅಪ್ಪ ಅಲ್ಲಿನ ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಚಪ್ಪಲಿ ಹೊಲಿಯುತ್ತಿದ್ದರು. ಕೆಲವರು ನೌಕರಿ ಸಿಕ್ಕ ಮೇಲೆ ಇಂಥ ಸಂಗತಿಯನ್ನು ಟ್ರಂಕಿನ ತಳಕ್ಕೆ ಹಾಕಿಡುತ್ತಾರೆ. ಸಾಹೇಬರದು ಉಲ್ಟಾ. ಪರಿಚಯವಾಗಿ ಐದು ನಿಮಿಷ ಆಗುವುದರೊಳಗೆ ಅಪ್ಪನ ಹೊಲಿಗೆಯ ಸುದ್ದಿ ಬಂದೇ ಬರುತ್ತಿತ್ತು. "ನಮ್ಮಪ್ಪ ಹೊಲದ ಚಪ್ಲಿ ಅಂಗಾಲು ಸವದರೂ ಹೊಲಿಗಿ ಬಿಡ್ತಿದ್ದಿಲ್ಲ. ಹೊಲಿಗಿ ಅಂದ್ರ ಬಿಗಿಯೋದಲ್ಲಪಾ, ಕೂಡಿಸೋದು ಅಂತಿದ್ದ. ಬಿಗಿದ್ರ ಚರ್ಮ ಹರೀತದ, ಕೂಡಿಸಿದ್ರ ಹಿಡೀತದ." ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ಕೊನೆಕೊನೆಗೆ ಅವರು ಶುರು ಮಾಡಿದರೆ ನಾನೇ ಮುಗಿಸುತ್ತಿದ್ದೆ.

ಅವರ ಅಂಗಿಯ ಬಲತೋಳು ಕೆಲಸದಲ್ಲಿದ್ದಾಗಲೆಲ್ಲ ಭುಜದವರೆಗೆ ಮಡಚಿರುತ್ತಿತ್ತು, ಎಡತೋಳು ಮಣಿಕಟ್ಟಿನವರೆಗೆ ಇಳಿದಿರುತ್ತಿತ್ತು. ಎಮ್ಮೆಯ ಗರ್ಭ ನೋಡಲು ಕೈಯಿಳಿಸಿ ಇಳಿಸಿ ಬಂದ ಅಭ್ಯಾಸ. ಮದುವೆ ಮನೆಯಲ್ಲಿ ಆಹೇರಿಯ ಉಡುಗೊರೆ ಕೊಡುವಾಗಲೂ, ಪೇಚಿಗೆ ಸಿಕ್ಕಾಗಲೂ, ಆ ತೋಳು ತಾನಾಗಿ ಮೇಲೇರುತ್ತಿತ್ತು. ಯಾರ ಮನೆಗೆ ಹೋದರೂ ಮೊದಲು ಅಂಗಳದ ದನ, ಕುರಿ, ನಾಯಿಯನ್ನು ಮಾತಾಡಿಸಿ ಆಮೇಲೆ ಮನೆಯವರ ಕಡೆ ತಿರುಗುತ್ತಿದ್ದರು. "ಜನಾವರ ಸುಳ್ಳು ಹೇಳಂಗಿಲ್ಲ," ಎನ್ನುತ್ತಿದ್ದರು, "ಆದ್ರ ಕೇಳಿದ್ದಕ್ಕಷ್ಟೇ ಉತ್ರ ಕೊಡ್ತದ." ಈ ಮಾತಿನ ಎರಡನೆಯ ಅರ್ಧ ಬೇಗಂ ಸತ್ತ ಮೇಲೆ ಸೇರಿಕೊಂಡದ್ದು.

ಬೇಗಂ ನನ್ನ ಅತ್ತೆಯ ಬೆಕ್ಕು. ಬಿಳಿ ಮೈ, ಕಪ್ಪು ಬಾಲ, ನಡಿಗೆಯಲ್ಲಿ ನವಾಬರ ಕಾಲದ ಠೀವಿ. ಹಾಲು ಬೆಚ್ಚಗಿಲ್ಲದಿದ್ದರೆ ಬಟ್ಟಲನ್ನು ಮೂಸಿ, ಅತ್ತೆಯನ್ನೊಮ್ಮೆ ನೋಡಿ, ಹೋಗಿಬಿಡುತ್ತಿತ್ತು. ಅತ್ತೆ ಕೂಲಿನಾಲಿ ಮಾಡಿ ಮಕ್ಕಳನ್ನು ಓದಿಸಿದವಳು, ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ. ಅಂಥವಳು ಈ ಬೆಕ್ಕಿನ ಮುಂದೆ ಮಾತ್ರ "ತಡೀಯವ್ವಾ, ಕಾಸ್ಕೊಂಡ ಬರ್ತೀನಿ" ಎಂದು ಬಟ್ಟಲು ಹಿಡಿದು ಒಲೆಯ ಕಡೆ ಓಡುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದರೆ ಸುಳ್ಳಲ್ಲ, ನನಗೊಂದು ದಿನವೂ ಅವಳು ಚಾ ಬಿಸಿ ಮಾಡಿ ಕೊಟ್ಟವಳಲ್ಲ.

ಒಂದು ಬೇಸಿಗೆಯಲ್ಲಿ ಬೇಗಂ ಅನ್ನ ಬಿಟ್ಟಿತು. ಮೈ ಮುದುಡಿಕೊಂಡು ನೀರಿನ ಗಡಿಗೆಯ ಪಕ್ಕದ ತಂಪಿನಲ್ಲಿ ಕೂತುಬಿಟ್ಟಿತು. ಅತ್ತೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ರಸ್ತೆ ದಾಟಿದಳು. ಸಾಹೇಬರು ಬೆಕ್ಕಿನ ಹೊಟ್ಟೆಯ ಕೆಳಭಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು. ಬೆಕ್ಕುಗಳಿಗೆ ಉಚ್ಚೆ ಕಟ್ಟುವುದು ಗೊತ್ತಿದ್ದ ರೋಗ. ಕಟ್ಟಿದರೆ ಮೂತ್ರಕೋಶ ಗಟ್ಟಿಯಾಗಿ ಲಿಂಬೆಹಣ್ಣಿನ ಹಾಗೆ ಕೈಗೆ ಸಿಗುತ್ತದೆ. ಅದು ಮೆತ್ತಗಿತ್ತು.

"ಉಚ್ಚಿ ಹೊಯ್ಯಾಕತ್ಯಾಳೇನು ಯವ್ವಾ?"

"ಹೊಯ್ಯಾಕತ್ಯಾಳ. ಮುಂಜಾನಿ ಉಸುಗಿನಾಗ ಹೊಯ್ದಿದ್ದನ್ನ ನಾನೇ ನೋಡೀನಿ."

"ಹಂಗಾದ್ರ ಫಿಕರ್ ಇಲ್ಲ. ಬಿಸಲಿನ ಝಳ ಬಡದದ."

ರಾಯಚೂರಿನ ಬೇಸಿಗೆಯಲ್ಲಿ ಯಾವ ರೋಗಕ್ಕೂ ಮೊದಲ ಹೆಸರು ಬಿಸಿಲೇ. ಸೂಜಿ ಚುಚ್ಚಿದರು, ಚರ್ಮದ ಕೆಳಗೆ ಸಲೈನ್ ಕೊಟ್ಟರು. ನಾಲ್ಕನೆಯ ದಿನ ಬೇಗಂ ಸತ್ತಿತು.

ಅತ್ತೆ ಹಿತ್ತಲಲ್ಲಿ ಗುಂಡಿ ತೋಡಿಸುತ್ತಿದ್ದಾಗ ಸಾಹೇಬರು ಬಂದು ನಿಂತರು. ಒಳಗೆ ಏನಾಗಿತ್ತೋ ಹೊಟ್ಟೆ ತೆರೆದು ನೋಡಬೇಕು ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ಬದುಕಿದ್ದಾಗ ನೋಡದೆ ಸತ್ತ ಮೇಲೆ ನೋಡುವುದೇನು ಎಂದು ಮುಖದ ಮೇಲೆ ಕೇಳಿಬಿಟ್ಟೆ. ಅತ್ತೆ ಮಾತ್ರ ನನ್ನನ್ನು ಬದಿಗೆ ಸರಿಸಿ, "ನೋಡು," ಅಂದಳು. "ಆದ್ರ ಏನು ನೋಡ್ದಿ ಅಂತ ನನಗ ಹೇಳಬೇಕು. ಮುಚ್ಚಿಡಂಗಿಲ್ಲ."

ಸಂಜೆ ಅವರು ಬಂದು ನಮ್ಮ ಕಟ್ಟೆಯ ಮೇಲೆ ಕೂತರು. ಔಷಧಿ ಚೀಟಿಯ ತುಂಡೊಂದನ್ನು ಬಿಡಿಸಿದರು. ಅದರಲ್ಲಿ ಗಸಗಸೆಗಿಂತ ತುಸು ದೊಡ್ಡದಾದ, ಕಂದು ಬಣ್ಣದ ಕಾಳೊಂದಿತ್ತು.

"ಕಲ್ಲು, ಯವ್ವಾ. ಎರಡು ಕಿಡ್ನಿಯಿಂದ ಎರಡು ಕಾಲುವಿ ಇಳದು ಒಂದು ಕೆರಿಗಿ ಬೀಳ್ತಾವ ಅಂತ ತಿಳ್ಕೋ. ಒಂದು ಕಿಡ್ನಿ ಯಾವಾಗೋ ಬತ್ತಿ ಹುಣಸಿ ಬೀಜದಂಗ ಆಗಿತ್ತು. ಅದರಿಂದ ಹನಿ ಹನಿ ಬರ್ತಿತ್ತು, ನೀ ನೋಡಿದ್ದು ಅದನ್ನ. ಛಲೋ ಇದ್ದ ಕಿಡ್ನಿ ಕಾಲುವಿಗಿ ಈ ಕಲ್ಲು ಅಡ್ಡ ಕುಂತಿತ್ತು. ನಾ ಕೆರಿ ನೋಡ್ದೆ, ಕಾಲುವಿ ನೋಡ್ಲಿಲ್ಲ. ಮಾನ್ವಿಯಾಗ ಇಪ್ಪತ್ತು ವರ್ಷ ಕಾಲುವಿ ಜಗಳ ಕೇಳೀನಿ. ಮ್ಯಾಲ ಕಾಲುವಿ ಕಟ್ಟಿದ್ದು ಕೆಳಗ ಕೆರಿ ಹಂತ್ಯಾಕ ನಿಂತವಗ ಕಾಣಂಗಿಲ್ಲ ಅಂತ ನನಗ ತಿಳೀಬೇಕಿತ್ತು. ಇದು ನನ್ನ ತಪ್ಪು."

ಯಾವ ಡಾಕ್ಟರೂ ಹೀಗೆ ಹೇಳಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಸ್ಪತ್ರೆಯಲ್ಲೇ ಬದುಕು ಕಳೆದವಳು ನಾನು. ಅತ್ತೆ ಆ ಕಾಳನ್ನು ಬೆರಳ ತುದಿಯಿಂದ ಮುಟ್ಟಿದಳು. "ನಮ್ಮ ಊರಾಗ ನೆಲದಾಗೂ ಕಲ್ಲು, ಅಕ್ಕ್ಯಾಗೂ ಕಲ್ಲು, ಈಗ ಬೆಕ್ಕಿನಾಗೂ ಕಲ್ಲು," ಎಂದು ಎದ್ದು ಒಳಗೆ ಹೋದಳು. ಒಂದು ತಿಂಗಳು ಅವರ ಜೊತೆ ಮಾತಾಡಲಿಲ್ಲ. ಆದರೆ ಅವರ ಮನೆಗೆ ಸಜ್ಜೆ ರೊಟ್ಟಿ ಕಳಿಸುವುದನ್ನು ನಿಲ್ಲಿಸಲೂ ಇಲ್ಲ. ಸಾಹೇಬರು ಕಲ್ಲನ್ನು ಮತ್ತೆ ಚೀಟಿಯಲ್ಲಿ ಮಡಚಿ ತಮ್ಮ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡರು.

ಹೊಲಿಗೆಯ ಹುಚ್ಚು ಹಿಡಿದದ್ದು ಆಮೇಲೆ. ಒಂದು ದಿನ ರಸ್ತೆ ದಾಟಿ ಬಂದು, ಕಣ್ಣಿನ ಆಪರೇಷನ್ನಿಗೆ ನೀವು ಎಂಥಾ ದಾರ ಬಳಸುತ್ತೀರಿ ಎಂದು ಕೇಳಿದರು. ನಾನು ರಾಯಚೂರಿನ ಒಂದು ಕಣ್ಣಾಸ್ಪತ್ರೆಯ ಥಿಯೇಟರಿನಲ್ಲಿ ನರ್ಸು. ಕೂದಲಿಗಿಂತ ತೆಳುವಾದ ದಾರ, ರೆಪ್ಪೆಯಷ್ಟು ಸೂಜಿ ಅಂದೆ. ಬೆಕ್ಕಿನ ಮೂತ್ರನಾಳದ ಒಳದಾರಿ ಅಷ್ಟೇ ಇರುತ್ತದೆ, ಒಂದು ದಪ್ಪ ಕೂದಲು ಹೋಗುವಷ್ಟು ಅಂದರು. ನಮ್ಮ ದೊಡ್ಡ ಡಾಕ್ಟರನ್ನು ಕೇಳಿ, ವಾಯಿದೆ ಮುಗಿದು ಬಿಸಾಡಬೇಕಿದ್ದ ದಾರಗಳನ್ನು ಅವರ ಅಭ್ಯಾಸಕ್ಕೆ ತಂದುಕೊಟ್ಟೆ. ಕೊಟ್ಟ ದಿನವೇ ಪಶ್ಚಾತ್ತಾಪವಾಯಿತು, ಯಾಕೆಂದರೆ ಅವತ್ತಿನಿಂದ ಆ ಮನುಷ್ಯ ಓಣಿಯಲ್ಲಿ ಯಾವ ಕೊಳವೆ ಕಂಡರೂ ಕತ್ತರಿಸಿ ಹೊಲಿಯತೊಡಗಿದರು.

ಮೊದಲು ಉಳ್ಳಾಗಡ್ಡಿ ತಪ್ಪಲು. ಈರುಳ್ಳಿ ಗಿಡದ ಆ ಹಸಿರು ಕೊಳವೆಯನ್ನು ಕತ್ತರಿಸಿ, ಮತ್ತೆ ಕೂಡಿಸಿ ಹೊಲಿದು, ಒಳಗೆ ಬಣ್ಣದ ನೀರು ಬಿಟ್ಟು ಸೋರುತ್ತದೋ ನೋಡುವುದು. ಆ ಮನೆಯ ಕಡಲೆಹಿಟ್ಟಿನ ಜುಣಕದಲ್ಲಿ ನೀಲಿ ತಪ್ಪಲು ತಿಂದ ನೆನಪು ನನಗಿದೆ. ತಪ್ಪಲು ಕೈಗೆ ಬಂದ ಮೇಲೆ ಕೋಳಿಯ ತೊಡೆ. ಅದರೊಳಗಿನ ರಕ್ತನಾಳ ಹೆಚ್ಚುಕಡಿಮೆ ಬೆಕ್ಕಿನ ಮೂತ್ರನಾಳದಷ್ಟೇ ಸೂಕ್ಷ್ಮವಂತೆ. ಹಣೆಗೆ ಭೂತಗನ್ನಡಿ ಕಟ್ಟಿಕೊಂಡು, ಭಾನುವಾರ ಬೆಳಿಗ್ಗೆ ಕೋಳಿಯ ಎರಡು ತೊಡೆ ಮುಂದಿಟ್ಟುಕೊಂಡು ಕೂತರೆ ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ಹೆಂಡತಿ ಮಸಾಲೆ ಅರೆದಿಟ್ಟುಕೊಂಡು ಬಾಗಿಲಲ್ಲಿ ನಿಂತು, "ಪೇಷಂಟ್ ಡಿಸ್ಚಾರ್ಜ್ ಆತೇನ್ರೀ? ಒಲಿ ಆರಾಕತ್ತದ," ಎನ್ನುತ್ತಿದ್ದರು. ರಜೆ ಹಾಕಿ ದೊಡ್ಡ ಊರಿಗೆ ಹೋಗಿ ತರಬೇತಿಯನ್ನೂ ಪಡೆದು ಬಂದರು. ನಿವೃತ್ತಿ ಹತ್ತಿರ ಬಂದಾಗ ಹೊಸ ವಿದ್ಯೆ ಯಾಕೆ ಎಂದು ಕೇಳಿದರೆ, "ನಮ್ಮಪ್ಪನ ಮುಂದ ನಾ ಇನ್ನಾ ಟ್ರೇನಿಂಗಿನಾಗೇ ಇದ್ದೀನಿ," ಎಂದು ನಗುತ್ತಿದ್ದರು.

ಎರಡು ವರ್ಷ ಹೀಗೆ ಹೋಯಿತು. ಅಷ್ಟರಲ್ಲಿ ಬೇಗಂ ಬಿಟ್ಟುಹೋದ ಮರಿ ಮುನ್ನಿ ದೊಡ್ಡದಾಗಿ, ತಾಯಿಯ ಠೀವಿಯನ್ನೆಲ್ಲ ಕಲಿತಿತ್ತು. ಅತ್ತೆ ಮತ್ತೆ ಬಟ್ಟಲು ಹಿಡಿದು ಓಡುತ್ತಿದ್ದಳು. ಒಂದು ಮೇ ತಿಂಗಳ ಬೆಳಿಗ್ಗೆ ಮುನ್ನಿ ಹಾಲು ಮೂಸಲಿಲ್ಲ. ಗಡಿಗೆಯ ಪಕ್ಕದ ಅದೇ ಜಾಗದಲ್ಲಿ ಮೈ ಮುದುಡಿ ಕೂತಿತು. ಅತ್ತೆ ಹಾಲಿನ ಬಟ್ಟಲನ್ನು ಅಲ್ಲೇ ಬಿಟ್ಟಳು. ಸೆರಗಿನಲ್ಲಿ ಸುತ್ತಿಕೊಂಡು ರಸ್ತೆ ದಾಟಿದಳು, ನಾನು ಹಿಂದೆಯೇ ಹೋದೆ.

ಈ ಸಲ ಸಾಹೇಬರು ಬಿಸಿಲಿನ ಸುದ್ದಿ ಎತ್ತಲಿಲ್ಲ. ಎಮ್ಮೆಯ ಗರ್ಭ ನೋಡಲು ಇಟ್ಟುಕೊಂಡಿದ್ದ ಸ್ಕ್ಯಾನಿಂಗ್ ಮಷಿನ್ನನ್ನು ಬೆಕ್ಕಿನ ಹೊಟ್ಟೆಗೆ ಹಿಡಿದರು. ಎಡಗಿಡ್ನಿ ಊದಿತ್ತು, ಅದರಿಂದ ಇಳಿಯುವ ನಾಳ ಉಬ್ಬಿತ್ತು, ಮೂತ್ರಕೋಶಕ್ಕೆ ಇನ್ನೇನು ಸೇರಬೇಕು ಎನ್ನುವಲ್ಲಿ ಒಂದು ಬಿಳಿ ಚುಕ್ಕಿ. ಬಲಗಿಡ್ನಿ ಆಗಲೇ ಸಣ್ಣದಾಗಿತ್ತು. ತಾಯಿಯದೇ ಕಥೆ. ಎರಡು ದಿನ ಸಲೈನ್ ಕೊಟ್ಟು, ಕಲ್ಲು ತಾನಾಗಿ ಜಾರುತ್ತದೋ ಎಂದು ಕಾದರು. ಜಾರಲಿಲ್ಲ, ರಕ್ತದ ವರದಿ ದಿನದಿನಕ್ಕೆ ಕೆಟ್ಟಿತು. ಹೈದರಾಬಾದಿಗೆ ಫೋನು ಹಚ್ಚಿದರು. ಅಲ್ಲಿ ಕಿಡ್ನಿಯಿಂದ ಮೂತ್ರಕೋಶಕ್ಕೆ ಬೇರೆಯದೇ ಕೊಳವೆ ಹಾಕಿ ಅಡ್ಡದಾರಿ ಮಾಡುತ್ತಾರಂತೆ. ಅದನ್ನು ಮಾಡುವವರು ಊರಲ್ಲಿಲ್ಲ, ಐದು ದಿನ ಬಿಟ್ಟು ಬನ್ನಿ ಎಂದರು. ಮುನ್ನಿಯ ಬಳಿ ಐದು ದಿನ ಇರಲಿಲ್ಲ.

"ಹಂಗಾದ್ರ ನೀನೇ ಮಾಡು," ಅಂದಳು ಅತ್ತೆ.

"ಯವ್ವಾ, ನಾ ತಪ್ಪಲಾ ಹೊಲದೀನಿ, ಕೋಳಿ ಹೊಲದೀನಿ. ಉಸಿರಾಡೋ ಬೆಕ್ಕು ಹೊಲದಿಲ್ಲ. ಇದರ ತಾಯಿನ್ನ ಕೊಂದ ಕೈ ಇದು."

"ಅದಕ್ಕೇ ಹೇಳಾಕತ್ತೀನಿ. ತಪ್ಪು ಮಾಡಿದ ಕೈನೇ ಬೇಕು ನನಗ. ತಪ್ಪೇ ಮಾಡದ ಕೈಗಿ ಏನು ಗೊತ್ತಿರ್ತದ?"

ಸಾಹೇಬರು ಬಲತೋಳು ಮಡಚಿದರು. ಮುನ್ನಿಗೆ ಅದು ಆಪರೇಷನ್ನು, ಅವರಿಗೆ ಪರೀಕ್ಷೆ ಎಂಬುದು ನನಗೆ ಆಗ ಅರ್ಥವಾಯಿತು. ಈ ಬೆಕ್ಕೂ ಹೋದರೆ ಆ ಕೈ ಮತ್ತೆಂದೂ ಸೂಜಿ ಹಿಡಿಯುವುದಿಲ್ಲ ಅನ್ನಿಸಿ, ಬಾ ಎಂದು ಕರೆಯುವ ಮೊದಲೇ ಸಹಾಯಕ್ಕೆ ನಿಂತೆ.

ಅವರ ಮನೆಯ ಹಿಂದಿನ ಕೋಣೆಯೇ ಥಿಯೇಟರು. ಮಾನ್ವಿಯಿಂದ ಅವರ ಕಿರಿಯ ಡಾಕ್ಟರೊಬ್ಬಳು ಬಂದು ಬೆಕ್ಕಿನ ತಲೆಯ ಕಡೆ ಕೂತು ಅರಿವಳಿಕೆ ನೋಡಿಕೊಂಡಳು. ಕೂಲರ್ ಹಾಕೋಣ ಎಂದು ಕೈ ಚಾಚಿದೆ. ಸಾಹೇಬರು ಬೇಡವೆಂದರು, ಗಾಳಿಗೆ ದಾರ ಹಾರುತ್ತದೆ. ಫ್ಯಾನೂ ಬಂದ್. ಮೇ ತಿಂಗಳ ರಾಯಚೂರು, ಮಧ್ಯಾಹ್ನ, ಫ್ಯಾನಿಲ್ಲದ ಕೋಣೆ, ಮೈಮೇಲೆ ಗೌನು, ಬಾಯಿಗೆ ಮಾಸ್ಕು. ಏಸಿಯಲ್ಲಿ ಸೆಟೆದು ನಿಂತು ಕೆಲಸ ಮಾಡಿದವಳಾದ ನನಗೆ ಅವತ್ತು ನನ್ನ ಪುಣ್ಯವೆಲ್ಲ ಬೆವರಾಗಿ ಇಳಿದಂತಾಯಿತು. ಒಂದು ಕೈಯಿಂದ ಸಲಕರಣೆ ಕೊಡುವುದು, ಇನ್ನೊಂದರಿಂದ ಬಟ್ಟೆ ಹಿಡಿದು ಅವರ ಹಣೆಯ ಹನಿ ಬೆಕ್ಕಿನ ಹೊಟ್ಟೆಗೆ ಬೀಳದಂತೆ ಒರೆಸುವುದು, ಇಷ್ಟೇ ನನ್ನ ಕೆಲಸ.

ನಾಳ ಕಂಡಿತು. ಮೇಲೆ ಉಬ್ಬಿ ದಪ್ಪವಾಗಿ, ಕೆಳಗೆ ಎಳೆಯಾಗಿ. ಕಲ್ಲು ಕೂತಲ್ಲಿ ನಾಳ ಕೊಳೆತಂತಾಗಿತ್ತು. ಅದನ್ನು ಬಿಟ್ಟು ತುಸು ಮೇಲೆ ಕತ್ತರಿಸಿ, ಕಲ್ಲಿದ್ದ ತುಂಡನ್ನು ಬೇರ್ಪಡಿಸಿದರು. ತಡೆದು ನಿಂತಿದ್ದ ಮೂತ್ರ ಚಿಮ್ಮಿತು, ಊದಿದ್ದ ಕಿಡ್ನಿಗೆ ಉಸಿರು ಬಿಟ್ಟಂತಾಯಿತು. ಆಮೇಲೆ ಮೂತ್ರಕೋಶದ ಮೇಲ್ಭಾಗದಲ್ಲಿ ಸಣ್ಣದೊಂದು ಹೊಸ ಬಾಯಿ ಮಾಡಿ, ನಾಳದ ತುದಿಯನ್ನು ಅಲ್ಲಿಗೆ ತಂದು ಕೂಡಿಸತೊಡಗಿದರು. ಒಂದು ಹೊಲಿಗೆ, ಎರಡು, ಮೂರು. ಆ ದಪ್ಪ ಬೆರಳುಗಳು, ಎಮ್ಮೆಯ ಕರು ಎಳೆದ ಬೆರಳುಗಳು, ರೆಪ್ಪೆಯಷ್ಟು ಸೂಜಿಯನ್ನು ಹಿಡಿದದ್ದು ನೋಡಿ ನಾನು ಬೆವರು ಒರೆಸುವುದನ್ನೇ ಮರೆತೆ, ಬೈಸಿಕೊಂಡೆ.

ಎಂಟು ಹೊಲಿಗೆಯಾದ ಮೇಲೆ ಮೂತ್ರಕೋಶಕ್ಕೆ ಸಲೈನ್ ತುಂಬಿ ನೋಡಿದರು. ಒಂದು ಕಡೆ ಸಣ್ಣ ಹನಿ ಮೂಡಿತು. ಒರೆಸಿದರು, ಮತ್ತೆ ಮೂಡಿತು. ಒಂಬತ್ತನೆಯ ಹೊಲಿಗೆ ಹಾಕಿ ಗಂಟನ್ನು ಎಳೆದರು, ಹನಿ ನಿಲ್ಲಲೆಂದು ಇನ್ನೂ ಎಳೆದರು. ನಾಳದ ಬಾಯಿ ಸುಕ್ಕುಗಟ್ಟಿ ಮುಚ್ಚಿಕೊಳ್ಳುವುದು ನನ್ನ ಕಣ್ಣಿಗೇ ಕಂಡಿತು. ಸೋರುವುದು ನಿಂತಿತ್ತು, ದಾರಿಯೂ ನಿಂತಿತ್ತು. ಥಿಯೇಟರಿನಲ್ಲಿ ನರ್ಸು ಸರ್ಜನ್ನಿಗೆ ಬುದ್ಧಿ ಹೇಳುವುದಿಲ್ಲ, ಅದು ನಮ್ಮ ಕೆಲಸದ ಮೊದಲ ಪಾಠ. ಆದರೂ ಬಾಯಿ ತಡೆಯಲಿಲ್ಲ.

"ಸರ್, ನಿಮ್ಮಪ್ಪ ಈಗ ನೋಡ್ತಿದ್ರ ಏನಂತಿದ್ರು?"

ಅವರ ಕೈ ನಿಂತಿತು. ಭೂತಗನ್ನಡಿಯ ಹಿಂದಿನಿಂದ ನನ್ನ ಕಡೆ ನೋಡಿದರು. "ಬೈತಿದ್ದ," ಅಂದರು. ಕತ್ತರಿ ಕೇಳಿದರು. ಆ ಗಂಟನ್ನು ಕತ್ತರಿಸಿ ಎಸೆದು, ಹೊಸ ದಾರವನ್ನು ಅಂಚಿಗೆ ಅಂಚು ತಾಗುವಷ್ಟೇ ತಂದು ಬಿಟ್ಟರು. ಮತ್ತೆ ಸಲೈನ್ ತುಂಬಿದರು. ಹನಿ ಮೂಡಲಿಲ್ಲ, ಬಾಯಿ ತೆರೆದೇ ಇತ್ತು.

ಹೊರಗೆ ಕಟ್ಟೆಯ ಮೇಲೆ ಅತ್ತೆ ಎಲೆಯಡಿಕೆ ಚೀಲ ಬಿಚ್ಚದೆ ಕೂತಿದ್ದಳು. ಅವಳು ಎರಡು ಗಂಟೆ ಎಲೆ ಹಾಕದೆ ಕೂತದ್ದು ಅದೇ ಮೊದಲು. ಆಪರೇಷನ್ ಆದಮೇಲಿನ ಎರಡು ದಿನ ಮುನ್ನಿ ಮಲಗಿದಲ್ಲೇ ಇತ್ತು. ಮೂರನೆಯ ದಿನ ಮುನ್ನಿ ಎದ್ದು, ಹಾಲು ಮೂಸಿ, ತಣ್ಣಗಿದೆ ಎಂದು ಮುಖ ತಿರುಗಿಸಿತು. ಅತ್ತೆ "ತಡೀಯವ್ವಾ" ಎನ್ನುತ್ತ ಅಳುತ್ತಲೇ ಒಲೆಯ ಕಡೆ ಓಡಿದಳು. ಅವತ್ತು ರಕ್ತದ ವರದಿಯೂ ಸುಧಾರಿಸಿತ್ತು. ಮುನ್ನಿಯ ಕಲ್ಲನ್ನು ಅತ್ತೆ ಹಠ ಮಾಡಿ ಇಸಿದುಕೊಂಡು ಎಲೆಯಡಿಕೆ ಚೀಲದಲ್ಲಿ ಕಟ್ಟಿಟ್ಟಳು. ಬೇಗಂನ ಕಲ್ಲು ಮಾತ್ರ ಸಾಹೇಬರ ಕನ್ನಡಕದ ಡಬ್ಬಿಯಲ್ಲೇ ಉಳಿಯಿತು, ಕೇಳಿದರೂ ಕೊಡಲಿಲ್ಲ.

ಹೋದ ತಿಂಗಳು ಮಾನ್ವಿಯಲ್ಲಿ ಬೀಳ್ಕೊಡುಗೆ ಇಟ್ಟಿದ್ದರು. ನಾನೂ ಅತ್ತೆಯೂ ಬಸ್ಸು ಹತ್ತಿ ಹೋಗಿ ಮೊದಲ ಸಾಲಿನಲ್ಲಿ ಕೂತೆವು. ಶಾಲು, ಹಾರ, ಹಣ್ಣಿನ ಬುಟ್ಟಿ. ಮಾತಾಡಿದವರೆಲ್ಲ ಎಮ್ಮೆ, ಕುರಿ, ಲಸಿಕೆಯ ಸುದ್ದಿಯನ್ನೇ ಹೇಳಿದರು, ಒಬ್ಬರು ಅವರನ್ನು ದೇವರೆಂದೂ ಕರೆದುಬಿಟ್ಟರು. ಕೊನೆಗೆ ಮೈಕು ಸಾಹೇಬರ ಕೈಗೆ ಬಂತು.

"ದೇವರು ಗೀವರು ಏನಿಲ್ರಿ," ಅಂದರು. ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದು, ಚೀಟಿ ಬಿಡಿಸಿ, ಯಾರಿಗೂ ಕಾಣದ ಆ ಕಾಳನ್ನು ಎತ್ತಿ ಹಿಡಿದರು. "ನನ್ನ ಕೈಯಾಗ ಒಂದು ಬೆಕ್ಕು ಸತ್ತದ. ಕೇಳಬೇಕಾದದ್ದು ಕೇಳಲಿಲ್ಲ, ನೋಡಬೇಕಾದದ್ದು ನೋಡಲಿಲ್ಲ. ಹೊಸಾ ಡಾಕ್ಟರ್‌ಗಳು ಇಷ್ಟು ನೆನಪಿಟ್ರ ಸಾಕು." ಸಭೆಯಲ್ಲಿ ಕೆಲವರು ತಮಾಷೆ ಎಂದುಕೊಂಡು ನಕ್ಕರು. ಸಾಹೇಬರು ನಗಲಿಲ್ಲ, ಮೈಕು ಕೆಳಗಿಟ್ಟು ಕೂತುಬಿಟ್ಟರು. ಶಾಲಿನ ಅಡಿಯಲ್ಲಿ ಬಲತೋಳು ಮಡಚತೊಡಗಿದ್ದು ನನಗೆ ಕಂಡಿತು.

ಪಕ್ಕಕ್ಕೆ ತಿರುಗಿದೆ, ಕುರ್ಚಿ ಖಾಲಿ. ಅತ್ತೆ ಆಗಲೇ ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದಳು. ಜನ್ಮದಲ್ಲೇ ಮೈಕು ಮುಟ್ಟದವಳು ಅದನ್ನು ಎತ್ತಿಕೊಂಡು, ಇನ್ನೊಂದು ಕೈಯಿಂದ ಎಲೆಯಡಿಕೆ ಚೀಲ ಬಿಚ್ಚಿ ಮುನ್ನಿಯ ಕಲ್ಲು ತೆಗೆದಳು.

"ಸತ್ತದ್ದನ್ನ ಇವ ಹೇಳ್ಯಾನ," ಅಂದಳು. "ಉಳದದ್ದನ್ನ ನಾ ಹೇಳ್ತೀನಿ, ಕೇಳ್ರಿ."